ಸ್ಪೀಡ್ ಫುಲ್, ಪೇಮೆಂಟ್ ನಿಲ್: ಮಂಡ್ಯ ಕಡೆಯ ನಮಗೆ ಎಷ್ಟು 'ಜಿ' ಬೇಕು?

ಪಾಡ್‌ಕಾಸ್ಟ್‌ನ ಬರಹರೂಪ ಇದು. ಆಡುಮಾತನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.

ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ. ಈಗ ನನ್ನ ಮಾತು ಕೇಳ್ತಿರೋ ನಿಮ್ಮ ಫೋನ್‌ನ ಮೇಲ್ಗಡೆ ಒಂದ್ಸಲ ನೋಡಿ. 5ಜಿ ಅಂತ ತೋರಿಸ್ತಿದೆಯಾ? 4ಜಿ ಅಂತಾನಾ? ಅಥವಾ ನಮ್ಮೂರ ಕಡೆ ಇದ್ದಕ್ಕಿದ್ದಂತೆ ಬಂದು ಕೂರುತ್ತಲ್ಲ, ಆ ಹಳೇ 'ಇ' ಅಕ್ಷರಾನಾ? ಇವತ್ತಿನ ಮಾತು ಅದರ ಬಗ್ಗೇನೇ. ಆ ಗುರುತು ಬದಲಾದ್ರೆ ನಮ್ಮ ದಿನದ ಬದುಕಲ್ಲಿ ಏನಾದ್ರೂ ಬದಲಾಗುತ್ತಾ? ಬದಲಾದ್ರೆ ಯಾರಿಗೆ, ಎಷ್ಟು? ಅದಕ್ಕೋಸ್ಕರ ನಾವು ಜಾಸ್ತಿ ದುಡ್ಡು ಕೊಡಬೇಕಾ?

ಒಂದು ಘಟನೆಯಿಂದ ಶುರು ಮಾಡ್ತೀನಿ. ಬೇಸಿಗೇಲಿ ಒಂದು ದಿನ ಮದ್ದೂರಲ್ಲಿದ್ದೆ. ಮದ್ದೂರು ಅಂದ್ರೆ ಹೊರಗಿನೋರಿಗೆ ವಡೆ ನೆನಪಾಗುತ್ತೆ, ನಮಗೆ ಎಳನೀರು ಮಾರ್ಕೆಟ್ಟೂ ನೆನಪಾಗುತ್ತೆ. ರಸ್ತೆ ಬದಿಯಲ್ಲಿ ಎಳನೀರು ಕುಡಿದೆ, ಕೋಡ್ ಸ್ಕ್ಯಾನ್ ಮಾಡ್ದೆ, ಪಿನ್ ಒತ್ತಿದೆ. ಚಕ್ರ ತಿರುಗ್ತು. ತಿರುಗ್ತಾನೇ ಇತ್ತು. ಫೋನ್‌ನಲ್ಲಿ ಅಚ್ಚುಕಟ್ಟಾಗಿ 5ಜಿ, ಕಡ್ಡಿಗಳೆಲ್ಲ ಫುಲ್. ನನಗೂ ಹಠ ಬಂತು, ಅಲ್ಲೇ ನಿಂತು ಸ್ಪೀಡ್ ಟೆಸ್ಟ್ ಹಾಕ್ದೆ. ಇನ್ನೂರು ಎಂಬಿಪಿಎಸ್ ದಾಟ್ತು. ಇನ್ನೂರು! ಆದ್ರೆ ಒಂದು ಎಳನೀರಿನ ದುಡ್ಡು ಹೋಗ್ತಿಲ್ಲ. ಎಳನೀರಿನ ಅಣ್ಣ ನನ್ನ ಮುಖ ನೋಡಿ, "ಹೋಗ್ಲಿ ಬುಡಣ್ಣ, ಈ ಕಡೆ ಬಂದಾಗ ಕೊಡಿ ಆಯ್ತು" ಅಂದ್ರು. ನಾಚಿಕೆ ಆಗಿ, ಜೇಬೆಲ್ಲ ತಡಕಿ ಚಿಲ್ಲರೆ ಕೊಟ್ಟು ಬಂದೆ.

ಅದೇ ದಿನ ಸಾಯಂಕಾಲ ಮಳವಳ್ಳಿ ಕಡೆ ನಮ್ಮತ್ತೆ ಊರಿಗೆ ಹೋಗಿದ್ದೆ. ಅಲ್ಲಿ 4ಜಿ, ಅದೂ ಎರಡೇ ಕಡ್ಡಿ. ಅತ್ತೆ ಜಗಲಿ ಮೇಲೆ ಕೂತು, ತಮ್ಮ ಹಳೇ ಫೋನಲ್ಲಿ ಗೊಬ್ಬರದ ಅಂಗಡಿಯವರಿಗೆ ದುಡ್ಡು ಹಾಕಿದ್ರು. ಎರಡು ಸೆಕೆಂಡಲ್ಲಿ ಟಿಂಗ್ ಅಂತು. ನಾನು ಎಳನೀರಿನ ಕತೆ ಹೇಳಿದ್ದಕ್ಕೆ, "ಏನ್ಲಾ ಮಗ, ಅಷ್ಟು ದುಡ್ಡು ಸುರ್ದು ಫೋನ್ ತಕಂಡಿದ್ದೀಯ, ಎಳನೀರ್ ದುಡ್ಡು ಕೊಡಕಾಯ್ತಿಲ್ವಾ?" ಅಂತ ನಕ್ಕರು.

ಅತ್ತೆ ನಕ್ಕಿದ್ದು ನ್ಯಾಯವಾಗೇ ಇದೆ. ಉತ್ತರ ಹುಡುಕೋಣ ಬನ್ನಿ.

ದುಡ್ಡು ಎಲ್ಲಿ ಸಿಕ್ಕಿಕೊಳ್ತು?

ಯುಪಿಐ ಪೇಮೆಂಟ್ ಅಂದ್ರೆ ಏನಾಗುತ್ತೆ? ನಿಮ್ಮ ಫೋನಿಂದ ಟವರ್‌ಗೆ, ಅಲ್ಲಿಂದ ಆಪ್‌ನ ಸರ್ವರ್‌ಗೆ, ಅಲ್ಲಿಂದ ಯುಪಿಐ ವ್ಯವಸ್ಥೆಗೆ, ಅಲ್ಲಿಂದ ನಿಮ್ಮ ಬ್ಯಾಂಕ್‌ಗೆ, ಆಮೇಲೆ ಅಂಗಡಿಯವರ ಬ್ಯಾಂಕ್‌ಗೆ ಒಂದು ಸಣ್ಣ ಸಂದೇಶ ಹೋಗುತ್ತೆ, ಅದಕ್ಕೆ ಉತ್ತರ ವಾಪಸ್ ಬರುತ್ತೆ. ಈ ಸಂದೇಶದ ಗಾತ್ರ ಕೆಲವೇ ಕೆಬಿ. ಒಂದು ವಾಟ್ಸ್ಯಾಪ್ ಫೋಟೋಗಿಂತ ಎಷ್ಟೋ ಚಿಕ್ಕದು. ಇದಕ್ಕೆ ಇನ್ನೂರು ಎಂಬಿಪಿಎಸ್ ಬೇಡವೇ ಬೇಡ. ಅಂಗಡಿಗಳಲ್ಲಿ "ಇಷ್ಟು ರೂಪಾಯಿ ಬಂದಿದೆ" ಅಂತ ಕನ್ನಡದಲ್ಲಿ ಕೂಗುತ್ತಲ್ಲ ಸೌಂಡ್‌ಬಾಕ್ಸ್, ಅದು ತನ್ನೊಳಗಿನ ಒಂದು ಸಿಮ್ ಇಟ್ಕೊಂಡು, ಚೂರೇ ಚೂರು ಡೇಟಾದಲ್ಲಿ ದಿನವಿಡೀ ಕೆಲಸ ಮಾಡುತ್ತೆ.

ಈ ಸರಪಳೀಲಿ ನಿಮ್ಮ 5ಜಿ ವೇಗವಾಗಿ ಮಾಡೋದು ಒಂದೇ ಕೊಂಡಿ: ಫೋನಿಂದ ಟವರ್‌ವರೆಗೆ. ಆಚೆಗಿರೋ ಬ್ಯಾಂಕ್ ಸರ್ವರ್ ಮಲಗಿದ್ರೆ, 5ಜಿ ಅಲ್ಲ, 50ಜಿ ಬಂದ್ರೂ ಚಕ್ರ ತಿರುಗ್ತಾನೇ ಇರುತ್ತೆ. 2025ರಲ್ಲಿ ಮಾರ್ಚ್ 26 ಮತ್ತೆ ಏಪ್ರಿಲ್ 12, ಈ ಎರಡು ದಿನ ದೇಶದಾದ್ಯಂತ ಯುಪಿಐ ಕೈಕೊಟ್ಟಿತ್ತು, ನೆನಪಿದೆಯಾ? ಅವತ್ತು 5ಜಿ ಫೋನ್ ಇದ್ದೋರೂ ಅಂಗಡಿ ಮುಂದೆ ನಿಂತಿದ್ರು, 4ಜಿ ಇದ್ದೋರೂ ನಿಂತಿದ್ರು. ಜೇಬಲ್ಲಿ ನೋಟಿದ್ದೋರು ಮಾತ್ರ ಮನೆಗೆ ಹೋದ್ರು.

ಹಂಗಾಗಿ ಮೊದಲನೇ ಮಾತು: 'ನೆಟ್ ಸ್ಲೋ' ಅಂತ ನಾವು ಬೈಕೊಳ್ಳೋ ಎಷ್ಟೋ ಸಂದರ್ಭಗಳಲ್ಲಿ ಸ್ಲೋ ಆಗಿರೋದು ನೆಟ್ ಅಲ್ಲವೇ ಅಲ್ಲ. ರೇಷನ್ ಅಂಗಡೀಲಿ ಹೆಬ್ಬೆಟ್ಟು ಒತ್ತಿ ಕಾಯೋವಾಗ, ಸೇವಾ ಕೇಂದ್ರದ ಮುಂದೆ ಕ್ಯೂ ನಿಂತಾಗ "ಸರ್ವರ್ ಇಲ್ಲ, ನಾಳೆ ಬನ್ನಿ" ಅನ್ನೋ ಮಾತು ಕೇಳಿದ್ದೀರಲ್ಲ? ಅಲ್ಲಿ ನಿಂತಿರೋ ಅಜ್ಜಿಯ ಒಂದು ದಿನದ ಕೂಲಿ ಹೋಯ್ತು. ಅದನ್ನ ಯಾವ ಟವರೂ ಸರಿ ಮಾಡಲ್ಲ.

ಎರಡು ಗಂಟೆ, ಆರು ನಿಮಿಷ, ಅರ್ಧ ನಿಮಿಷ

ಸರಿ, ಸರ್ವರ್ ಚೆನ್ನಾಗಿದೆ ಅಂತಾನೇ ಇಟ್ಕೊಳ್ಳೋಣ. ಆಗ ಸ್ಪೀಡ್‌ನಿಂದ ಎಷ್ಟು ಲಾಭ? ಒಂದು ಲೆಕ್ಕ ಮಾಡೋಣ, ಜೊತೇಲಿ ಕ್ಯಾಲ್ಕುಲೇಟರ್ ತೆಗೀರಿ ಬೇಕಾದ್ರೆ.

ಎಂಬಿಪಿಎಸ್‌ನಲ್ಲಿರೋ 'ಬಿ' ಅಂದ್ರೆ ಬಿಟ್. ಜಿಬಿಯಲ್ಲಿರೋ 'ಬಿ' ಅಂದ್ರೆ ಬೈಟ್. 8 ಬಿಟ್ ಸೇರಿದ್ರೆ 1 ಬೈಟ್. ಹಾಗಾಗಿ 1 ಜಿಬಿಯ ಒಂದು ಸಿನಿಮಾ ಅಂದ್ರೆ ಸುಮಾರು 8,000 ಮೆಗಾಬಿಟ್.

ನಿಮ್ಮ ವೇಗ 1 ಎಂಬಿಪಿಎಸ್ ಇದ್ರೆ ಆ ಸಿನಿಮಾ ಇಳಿಯೋಕೆ 8,000 ಸೆಕೆಂಡ್. ಅಂದ್ರೆ 2 ಗಂಟೆ 13 ನಿಮಿಷ. ವೇಗ 20ಕ್ಕೆ ಏರ್ತು ಅನ್ನಿ, 6 ನಿಮಿಷ 40 ಸೆಕೆಂಡ್. 200ಕ್ಕೆ ಏರ್ತು, 40 ಸೆಕೆಂಡ್. 1,000ಕ್ಕೆ ಏರ್ತು, 8 ಸೆಕೆಂಡ್.

ಈಗ ಉಳಿದ ಸಮಯ ನೋಡಿ. 1ರಿಂದ 20ಕ್ಕೆ ಹೋದಾಗ ಎರಡು ಗಂಟೆಗೂ ಮೇಲೆ ಉಳೀತು. ಅದು ಬದುಕನ್ನೇ ಬದಲಾಯಿಸೋ ಉಳಿತಾಯ. 20ರಿಂದ 200ಕ್ಕೆ ಹೋದಾಗ ಆರು ನಿಮಿಷ. ಒಂದು ಕಾಫಿ ಕುಡಿಯೋ ಹೊತ್ತು. 200ರಿಂದ 1,000ಕ್ಕೆ ಹೋದಾಗ ಉಳಿದಿದ್ದು ಬರೀ 32 ಸೆಕೆಂಡ್. ಆದ್ರೆ ಜಾಹೀರಾತಿನಲ್ಲಿ ಅತಿ ಹೆಚ್ಚು ಸದ್ದು ಮಾಡೋದು ಈ ಕೊನೇ ಜಿಗಿತವೇ.

ಅದೂ ಅಲ್ದೆ, ಈಗ ಸಿನಿಮಾ ಇಳಿಸಿಕೊಂಡು ನೋಡೋರು ಎಷ್ಟು ಜನ? ಸೀದಾ ಪ್ಲೇ ಮಾಡ್ತೀವಿ. ಫುಲ್ ಎಚ್‌ಡಿ ವಿಡಿಯೋಗೆ ಯೂಟ್ಯೂಬ್ ಮತ್ತು ನೆಟ್‌ಫ್ಲಿಕ್ಸ್ ಹೇಳೋ ವೇಗ 5 ಎಂಬಿಪಿಎಸ್. 4ಕೆ ವಿಡಿಯೋಗೆ ನೆಟ್‌ಫ್ಲಿಕ್ಸ್ 15 ಅನ್ನುತ್ತೆ, ಯೂಟ್ಯೂಬ್ 20 ಅನ್ನುತ್ತೆ. ನಿಮ್ಮ ಅಂಗೈ ಅಗಲದ ಸ್ಕ್ರೀನ್‌ನಲ್ಲಿ 4ಕೆಗೂ ಫುಲ್ ಎಚ್‌ಡಿಗೂ ವ್ಯತ್ಯಾಸ ಕಣ್ಣಿಗೆ ಕಾಣೋದೇ ಕಷ್ಟ. ಅಂದ್ರೆ ಒಬ್ಬ ಮನುಷ್ಯನಿಗೆ, ಒಂದು ಫೋನ್‌ಗೆ, ನಿಲ್ಲದೆ ಬರೋ 10 ಎಂಬಿಪಿಎಸ್ ಇದ್ರೆ ಹೆಚ್ಚುಕಮ್ಮಿ ಎಲ್ಲ ಕೆಲಸ ನಡೆಯುತ್ತೆ. 'ನಿಲ್ಲದೆ ಬರೋ' ಅನ್ನೋ ಮಾತನ್ನ ಸ್ವಲ್ಪ ಜ್ಞಾಪಕದಲ್ಲಿ ಇಟ್ಕೊಳ್ಳಿ.

ನಾಲೆ ಕೊನೆಗೆ ನೀರು ಬಂತಾ?

ನಮ್ಮ ಜಿಲ್ಲೆಯವರಿಗೆ ಇದನ್ನ ಅರ್ಥ ಮಾಡಿಸೋಕೆ ಯಾವ ಇಂಜಿನಿಯರೂ ಬೇಡ. ಕೆಆರ್‌ಎಸ್ 124.80 ಅಡಿ ತುಂಬಿದೆ ಅಂತ ಪೇಪರಲ್ಲಿ ಫೋಟೋ ಬರುತ್ತೆ. ವಿಶ್ವೇಶ್ವರಯ್ಯ ನಾಲೆಗೆ ಇಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಅಂತ ಸುದ್ದಿ ಬರುತ್ತೆ. ಆದ್ರೆ ಮದ್ದೂರು, ಮಳವಳ್ಳಿ ಕಡೆ ರೈತ ಕೇಳೋ ಪ್ರಶ್ನೆ ಒಂದೇ: "ಕೊನೇ ಭಾಗಕ್ಕೆ ನೀರು ಬಂತಾ?" ಯಾಕಂದ್ರೆ ನಾವು ನಾಲೆಯ ಕೊನೆಯವರು. ಕಟ್ಟೆ ಹತ್ರ ಎಷ್ಟು ಬಿಟ್ರು ಅನ್ನೋದರ ಮೇಲೆ ನಮ್ಮ ಭತ್ತ, ಕಬ್ಬು ನಿಂತಿಲ್ಲ. ನಮ್ಮ ತೂಬಿಗೆ ಎಷ್ಟು ಬಂತು, ಬೇಕಾದ ಹೊತ್ತಿಗೆ ಬಂತಾ ಅನ್ನೋದರ ಮೇಲೆ ನಿಂತಿದೆ.

ಮೊಬೈಲ್ ನೆಟ್‌ವರ್ಕೂ ಥೇಟ್ ಹಾಗೇ. ಜಾಹೀರಾತಲ್ಲಿ ಬರೋದು ಕಟ್ಟೆ ಹತ್ರದ ಲೆಕ್ಕ. ನಮಗೆ ಬೇಕಿರೋದು ತೂಬಿನ ಲೆಕ್ಕ.

ಇದು ನನ್ನ ಸ್ವಂತ ವಾದ ಅಂದ್ಕೋಬೇಡಿ. 5ಜಿ ಹೇಗಿರಬೇಕು ಅಂತ ನಿಯಮ ಬರೆದದ್ದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಐಟಿಯು. ಅವರು ಎರಡು ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದಾರೆ. ಒಂದು, ಗರಿಷ್ಠ ವೇಗ: 20 ಗಿಗಾಬಿಟ್, ಅಂದ್ರೆ 20,000 ಎಂಬಿಪಿಎಸ್. ಇನ್ನೊಂದು, ಬಳಸೋರ ಅನುಭವಕ್ಕೆ ಬರೋ ವೇಗ: 100 ಎಂಬಿಪಿಎಸ್. ಎರಡರ ನಡುವೆ 200 ಪಟ್ಟು ಅಂತರ! ಆ ಎರಡನೇ ಸಂಖ್ಯೆ ತೆಗೆಯೋ ರೀತಿ ಇನ್ನೂ ಚೆಂದ. ನೂರು ಜನರನ್ನ ವೇಗದ ಪ್ರಕಾರ ಸಾಲಾಗಿ ನಿಲ್ಲಿಸಿ. ಕೊನೆಯ ಐದು ಜನರನ್ನ ಬಿಟ್ಟು, ಉಳಿದ 95 ಜನರಿಗೂ ಕಡಿಮೆ ಅಂದ್ರೂ ಎಷ್ಟು ಸಿಗಬೇಕು ಅನ್ನೋದೇ ಆ ಲೆಕ್ಕ. ಅಂದ್ರೆ ಇಂಜಿನಿಯರ್‌ಗಳೂ ಕೇಳೋದು ನಮ್ಮ ರೈತರ ಪ್ರಶ್ನೆಯನ್ನೇ, ಕೊನೇ ತೂಬಿಗೆ ಎಷ್ಟು ಬಂತು ಅಂತ. ಆದ್ರೆ ಈ 100ರ ಗುರಿ ಇಟ್ಟಿರೋದು ಜನ ದಟ್ಟವಾಗಿರೋ ನಗರಗಳಿಗೆ. ಹಳ್ಳಿಗಳಿಗಲ್ಲ.

ಕಡ್ಡಿ ಫುಲ್ ಇದ್ರೂ ಯಾಕೆ ಸ್ಲೋ?

ಕೊನೇ ತೂಬಿಗೆ ಯಾಕೆ ಬರಲ್ಲ? ಮೂರು ಕಾರಣ ಹೇಳ್ತೀನಿ.

ಮೊದಲನೇದು ದೂರ. ರೇಡಿಯೋ ಅಲೆಗಳಲ್ಲಿ ಕೆಳಗಿನ ಬ್ಯಾಂಡ್, ಅಂದ್ರೆ 700, 800, 900 ಮೆಗಾಹರ್ಟ್ಸ್ ಥರದ್ದು, ದೂರ ಹೋಗುತ್ತೆ, ಗೋಡೆ ದಾಟಿ ಒಳಗೂ ಬರುತ್ತೆ. ಆದ್ರೆ ಅದು ಹೊರೋ ಡೇಟಾ ಕಮ್ಮಿ. ಮೇಲಿನ ಬ್ಯಾಂಡ್, 5ಜಿಯ 3,300 ಮೆಗಾಹರ್ಟ್ಸ್ ಥರದ್ದು, ಭರ್ಜರಿ ಡೇಟಾ ಹೊರುತ್ತೆ, ಆದ್ರೆ ಅಷ್ಟು ದೂರ ಬರಲ್ಲ. ಗೋಡೆ, ಮರದ ಎಲೆ ಅಡ್ಡ ಬಂದ್ರೆ ಸೊರಗುತ್ತೆ. ನಮ್ಮ ಕಡೆ ಊರು ಅಂದ್ರೇನೇ ತೆಂಗಿನ ತೋಟದೊಳಗಿನ ಊರು. ಮಂಡ್ಯದ ನೂರಡಿ ರಸ್ತೇಲಿ ಸಿಗೋ ವೇಗ ತೋಟದ ಮನೆಯ ಅಡುಗೆಮನೇಲಿ ಸಿಗಬೇಕು ಅಂದ್ರೆ ಟವರ್ ಹತ್ರ ಬರಬೇಕು. ಇನ್ನು ಮಳವಳ್ಳಿ ತಾಲ್ಲೂಕಿನ ಹಲಗೂರು ದಾಟಿ ಮುತ್ತತ್ತಿ ಕಡೆ ಕಾಡಿನ ರಸ್ತೆ ಹಿಡಿದು ಹೋಗಿದ್ದೀರಾ? ನಾನು ಹೋದಾಗ ಕಡ್ಡಿಗಳು ಒಂದೊಂದಾಗಿ ಇಳೀತಾ ಹೋದ್ವು.

ಎರಡನೇದು ಗುಂಪು. ಟವರ್‌ನ ವೇಗ ಅನ್ನೋದು ಒಬ್ಬರ ಆಸ್ತಿ ಅಲ್ಲ, ಆ ಕಡೆ ಇರೋ ಎಲ್ರೂ ಹಂಚ್ಕೋಬೇಕು. ರಾತ್ರಿ ಎಂಟು ಗಂಟೆಗೆ ಊರಿನೋರೆಲ್ಲ ರೀಲ್ಸ್, ಕ್ರಿಕೆಟ್ ಅಂತ ಕೂತ್ರೆ ಕಡ್ಡಿ ಫುಲ್ ಇದ್ರೂ ವಿಡಿಯೋ ನಿಲ್ಲುತ್ತೆ. ಕಡ್ಡಿ ತೋರಿಸೋದು ಸಿಗ್ನಲ್ ಎಷ್ಟು ಗಟ್ಟಿ ಅಂತ. ಟವರ್ ಎಷ್ಟು ಬಿಜಿ ಅಂತ ಅದು ಹೇಳಲ್ಲ. ಊರ ಹಬ್ಬ, ಜಾತ್ರೆಗಳಲ್ಲಿ ಫೋನ್ ಫುಲ್ ಕಡ್ಡಿ ತೋರಿಸ್ತಾ ಕಾಲ್ ಕೂಡ ಹೋಗದೇ ಇರೋದು ಇದಕ್ಕೇ. ಜೊತೆಗೆ ಆ ಟವರ್‌ಗೆ ನೆಲದಲ್ಲಿ ಫೈಬರ್ ಕೇಬಲ್ ಬಂದಿದೆಯಾ, ಇಲ್ಲಾ ಇನ್ನೊಂದು ಟವರ್‌ನಿಂದ ಗಾಳೀಲೇ ಸಂಪರ್ಕ ತಗೊಂಡಿದೆಯಾ ಅನ್ನೋದೂ ಮುಖ್ಯ. ಹಿಂದಿನ ಪೈಪ್ ಸಣ್ಣದಿದ್ರೆ ಮುಂದಿನ ನಲ್ಲಿ ಎಷ್ಟು ದಪ್ಪ ಇದ್ರೇನು?

ಮೂರನೇದು, ಯಾರೂ ಮಾತಾಡದೇ ಇರೋದು, ಅಪ್‌ಲೋಡ್. ಜಾಹೀರಾತಿನ ಸ್ಪೀಡ್ ಎಲ್ಲಾ ಇಳಿಸಿಕೊಳ್ಳೋ ವೇಗ. ಕಳಿಸೋ ವೇಗ ಅದರ ಒಂದು ಸಣ್ಣ ಪಾಲು. ಟವರ್ ದೊಡ್ಡ ದನಿಯಲ್ಲಿ ಕೂಗಬಲ್ಲದು, ನಿಮ್ಮ ಫೋನ್ ಒಂದು ವ್ಯಾಟ್‌ನ ಐದನೇ ಒಂದು ಭಾಗದಷ್ಟು ಶಕ್ತಿಯಲ್ಲಿ ಪಿಸುಗುಡಬೇಕು. ಟವರ್ ದೂರ ಇದ್ದಷ್ಟೂ ಮೊದಲು ಸೋಲೋದು ನಿಮ್ಮ ಪಿಸುಮಾತೇ.

ಕಳಿಸೋ ವೇಗದ ಮೇಲೆ ನಿಂತ ಕೂಲಿ

ಅಪ್‌ಲೋಡ್ ಅಂದ್ರೆ ಬರೀ ರೀಲ್ಸ್ ಹಾಕೋದು ಅಂದ್ಕೋಬೇಡಿ. 2020ರಲ್ಲಿ ರಾಜ್ಯ ಸರ್ಕಾರ ಬೆಳೆ ಸಮೀಕ್ಷೆ ಆಪ್ ತಂತು. ರೈತರು ತಮ್ಮ ಹೊಲದಲ್ಲೇ ನಿಂತು, ಸರ್ವೆ ನಂಬರ್ ಆರಿಸಿ, ಬೆಳೆ ಫೋಟೋ ತೆಗೆದು ಕಳಿಸಬೇಕು. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆ ಅಂದಾಗ ಈ ಮಾಹಿತಿ ಲೆಕ್ಕಕ್ಕೆ ಬರುತ್ತೆ. ಫೋಟೋ ಕಳಿಸಬೇಕಾದ್ದು ಎಲ್ಲಿಂದ? ಹೊಲದ ಬದುವಿನಿಂದ.

2023ರ ಜನವರಿ 1ರಿಂದ ನರೇಗಾ ಕೆಲಸದಲ್ಲೂ ಆಪ್ ಮೂಲಕ ಹಾಜರಿ ಕಡ್ಡಾಯ ಮಾಡಿದ್ರು. ದಿನಕ್ಕೆ ಎರಡು ಸಲ ಕೆಲಸದ ಜಾಗದಲ್ಲೇ ಕೂಲಿಕಾರರ ಫೋಟೋ ತೆಗೆದು ಅಪ್‌ಲೋಡ್ ಮಾಡಬೇಕಿತ್ತು. ಫೋಟೋ ಹೋಗದೆ ಹಾಜರಿ ತಪ್ತು, ಕೂಲಿ ತಪ್ತು ಅನ್ನೋ ದೂರು ದೇಶದ ನಾನಾ ಕಡೆಯಿಂದ ಬಂತು. ಯೋಚನೆ ಮಾಡಿ, ಬಿಸಿಲಲ್ಲಿ ಕೆರೆ ಹೂಳು ಎತ್ತಿದ ಹೆಂಗಸಿಗೆ ಕೂಲಿ ಸಿಗಬೇಕಾದ್ರೆ ಬೇಕಿರೋದು ಸಾವಿರ ಎಂಬಿಪಿಎಸ್ ಅಲ್ಲ. ಕೆರೆ ಅಂಗಳದಲ್ಲಿ, ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ, ಒಂದೊಂದು ಫೋಟೋ ಹೋಗುವಷ್ಟು ಸಿಗ್ನಲ್.

ನನ್ನ ಪ್ರಕಾರ ಇವತ್ತಿನ ಇಡೀ ಎಪಿಸೋಡ್‌ನ ಸಾರ ಇದೇ. ಸ್ಪೀಡ್ ಮುಖ್ಯ ಹೌದು. ಆದ್ರೆ ಯಾವ ಸ್ಪೀಡು? ಒಳ್ಳೇ ಜಾಗದಲ್ಲಿ ಜಾಸ್ತಿ ಅಂದ್ರೆ ಎಷ್ಟು ಸಿಗುತ್ತೆ ಅನ್ನೋದಲ್ಲ. ಕೆಟ್ಟ ಜಾಗದಲ್ಲಿ, ಕೆಟ್ಟ ಹೊತ್ತಲ್ಲಿ, ಕಮ್ಮಿ ಅಂದ್ರೂ ಎಷ್ಟು ಸಿಗುತ್ತೆ ಅನ್ನೋದು.

ಇದರ ಬಿಲ್ ಎಷ್ಟು?

ಈಗ ದುಡ್ಡಿನ ಮಾತು. ನಮ್ಮ ದೇಶದಲ್ಲಿ 5ಜಿ ಶುರುವಾಗಿದ್ದು 2022ರ ಅಕ್ಟೋಬರ್ 1ಕ್ಕೆ. ಮೊದಮೊದಲು ಕಂಪನಿಗಳು ಧಾರಾಳವಾಗಿ ಕೊಟ್ಟವು. 2024ರ ಜುಲೈನಲ್ಲಿ ಜಿಯೋ, ಏರ್‌ಟೆಲ್, ವಿಐ ಮೂರೂ ದರ ಏರಿಸಿದ್ವು. ಜಿಯೋದ 28 ದಿನದ, ದಿನಕ್ಕೆ 1.5 ಜಿಬಿ ಪ್ಲ್ಯಾನ್ 239ರಿಂದ 299 ಆಯ್ತು. ದಿನಕ್ಕೆ 2 ಜಿಬಿ ಪ್ಲ್ಯಾನ್ 299ರಿಂದ 349 ಆಯ್ತು. ಜೊತೆಗೆ ಅನ್‌ಲಿಮಿಟೆಡ್ 5ಜಿ ಬೇಕಂದ್ರೆ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಲ್ಯಾನೇ ಬೇಕು ಅಂತಾಯ್ತು.

ಅವತ್ತಿನ ದರದಲ್ಲೇ ಲೆಕ್ಕ ಹಾಕೋಣ. 349ಕ್ಕೂ 299ಕ್ಕೂ ವ್ಯತ್ಯಾಸ 50 ರೂಪಾಯಿ. 28 ದಿನದ ಪ್ಲ್ಯಾನ್ ಅಂದ್ರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. ಒಂದು ಸಿಮ್‌ಗೆ ವರ್ಷಕ್ಕೆ 650 ರೂಪಾಯಿ ಜಾಸ್ತಿ. ಮನೇಲಿ ನಾಲ್ಕು ಫೋನ್ ಇದ್ರೆ 2,600. ಇನ್ನೊಂದು ಲೆಕ್ಕ ಹೇಳ್ತೀನಿ ಕೇಳಿ. 2024-25ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ ಎಷ್ಟಿತ್ತು ಗೊತ್ತಾ? 349 ರೂಪಾಯಿ. ಒಂದಿಡೀ ದಿನದ ಮಣ್ಣು ಕೆಲಸಕ್ಕೆ ಒಂದು ರೀಚಾರ್ಜ್.

ಇಲ್ಲಿ ಇನ್ನೊಂದು ತಮಾಷೆ ಇದೆ. ದಿನಕ್ಕೆ 1.5 ಜಿಬಿ ಅಂದ್ರೆ ಸುಮಾರು 12,000 ಮೆಗಾಬಿಟ್. 20 ಎಂಬಿಪಿಎಸ್ ವೇಗದಲ್ಲಿ ಒಂದೇ ಸಮ ಇಳಿಸಿದ್ರೆ ಆ ದಿನದ ಕೋಟಾ ಹತ್ತೇ ನಿಮಿಷಕ್ಕೆ ಖಾಲಿ. 200ರ ವೇಗದಲ್ಲಿ ಒಂದೇ ನಿಮಿಷ! ಲಿಮಿಟ್ ಇರೋ ಪ್ಲ್ಯಾನ್‌ಗೆ ವೇಗ ಜಾಸ್ತಿ ಮಾಡೋದು ಅಂದ್ರೆ ಸಣ್ಣ ಕೊಡಕ್ಕೆ ದೊಡ್ಡ ತೂತು ಮಾಡಿದ ಹಾಗೆ. ಕೋಟಾ ಮುಗಿದ ಮೇಲೆ ಸಾಮಾನ್ಯವಾಗಿ ಸಿಗೋದು 64 ಕೆಬಿಪಿಎಸ್. ಆ ವೇಗದಲ್ಲಿ 3 ಎಂಬಿಯ ಒಂದು ಫೋಟೋ ಹೋಗೋಕೆ ಆರು ನಿಮಿಷಕ್ಕೂ ಜಾಸ್ತಿ. ಅಷ್ಟರಲ್ಲಿ ಆಪ್ ಬೇಜಾರಾಗಿ ತಾನೇ ಕೈಬಿಟ್ಟಿರುತ್ತೆ.

ಇನ್ನು ಮನೇಲಿರೋ ಅಜ್ಜಿ, ತಾತ. ಬರೀ ಮಾತಾಡೋಕೆ ಕೀಪ್ಯಾಡ್ ಫೋನ್ ಇಟ್ಕೊಂಡಿರೋರು. ಅವರೂ ಡೇಟಾ ಇರೋ ಪ್ಲ್ಯಾನನ್ನೇ ಹಾಕಿಸಬೇಕಾದ ಪರಿಸ್ಥಿತಿ ಇತ್ತು. 2024ರ ಡಿಸೆಂಬರ್‌ನಲ್ಲಿ ಟ್ರಾಯ್, ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ ಇರೋ ರೀಚಾರ್ಜ್ ಕೊಡಲೇಬೇಕು ಅಂತ ಕಂಪನಿಗಳಿಗೆ ಹೇಳಿತು. ಮುಂದಿನ ತಿಂಗಳು ಅಂಥ ಪ್ಲ್ಯಾನ್‌ಗಳು ಬಂದ್ವು. ನಿಮ್ಮ ಅಜ್ಜಿ ಫೋನ್‌ಗೆ ರೀಚಾರ್ಜ್ ಮಾಡೋದು ನೀವೇ ಅಲ್ವಾ? ಮುಂದಿನ ಸಲ ಒಂದ್ಸಲ ಹುಡುಕಿ ನೋಡಿ.

ಹಾಗಾದ್ರೆ ಜಾಸ್ತಿ ಸ್ಪೀಡ್ ವೇಸ್ಟಾ?

ಇಲ್ಲ, ಹಾಗಂತ ನಾನು ಹೇಳಲ್ಲ. ಹೇಳಿದ್ರೆ ಅದು ಅನ್ಯಾಯ ಆಗುತ್ತೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ 4ಜಿ ಶುರುವಾದಾಗಲೂ "ಹಳ್ಳಿಯೋರಿಗೆ ಇಷ್ಟೆಲ್ಲ ನೆಟ್ ಯಾಕಪ್ಪಾ" ಅಂದೋರಿದ್ರು. ಆಮೇಲೆ ಏನಾಯ್ತು? ರೈತರು ಯೂಟ್ಯೂಬ್ ನೋಡಿ ಡ್ರಿಪ್ ಹಾಕಿಸಿದ್ರು, ಹುಡುಗರು ನಮ್ಮ ಮಂಡ್ಯ ಭಾಷೇಲೇ ಕಾಮಿಡಿ ವಿಡಿಯೋ ಮಾಡಿದ್ರು. ಅವಕಾಶ ಬಂದ ಮೇಲೆ ಬಳಕೆ ಹುಟ್ಟುತ್ತೆ. ನಾಳೆ 5ಜಿಯಿಂದಲೂ ನಾವು ಈಗ ಊಹಿಸದ ಬಳಕೆ ಹುಟ್ಟಬಹುದು.

ಎರಡನೇ ಮಾತು, 5ಜಿ ಅಂದ್ರೆ ಬರೀ ವೇಗ ಅಲ್ಲ, ಜಾಗ. ಒಂದೇ ಟವರ್ ಹೆಚ್ಚು ಜನರನ್ನ ಸುಧಾರಿಸಬಲ್ಲದು. ನಿಮ್ಮ ಪಕ್ಕದ ಮನೆ ಹುಡುಗ 5ಜಿಗೆ ಹೋದ್ರೆ, 4ಜಿಯಲ್ಲಿ ಉಳಿದ ನಿಮಗೂ ಸ್ವಲ್ಪ ಜಾಗ ಸಿಗುತ್ತೆ. ಮೂರನೇದು, ಫೈಬರ್ ಬರದ ಮನೆಗಳಿಗೆ 2023ರಿಂದ 5ಜಿ ಮೂಲಕವೇ ಮನೆ ಇಂಟರ್ನೆಟ್ ಕೊಡ್ತಿದ್ದಾರೆ, ಏರ್‌ಫೈಬರ್ ಅಂತ. ಮನೇಲಿ ಮೂರು ಜನ, ಒಬ್ಬರು ವರ್ಕ್ ಫ್ರಮ್ ಹೋಮ್, ಒಬ್ಬರು ಆನ್‌ಲೈನ್ ಕೋಚಿಂಗ್, ಟಿವೀಲಿ ಧಾರಾವಾಹಿ. ಅಂಥ ಮನೆಗೆ ನೂರು ಎಂಬಿಪಿಎಸ್ ಜಂಬ ಅಲ್ಲ, ಅಗತ್ಯ. ಬೆಂಗಳೂರಿನ ಬಾಡಿಗೆ ಬಿಟ್ಟು ಊರಿಗೆ ಬಂದು ಕೆಲಸ ಮಾಡೋ ಹುಡುಗ ಹುಡುಗೀರಿಗೆ ಇದು ದೊಡ್ಡ ಮಾತು.

ಆದ್ರೆ ಇಲ್ಲೂ ಸಾಲಿನ ಪ್ರಶ್ನೆ ಇದ್ದೇ ಇದೆ. ಯಾರಿಗೆ ಮೊದಲು? 2022ರ ಜುಲೈ 26ಕ್ಕೆ 5ಜಿ ತರಂಗಾಂತರ ಹರಾಜು ಶುರುವಾಯ್ತು, ಮುಗಿಯೋ ಹೊತ್ತಿಗೆ 1.5 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಮಾರನೇ ದಿನ, ಜುಲೈ 27ಕ್ಕೆ, ಕೇಂದ್ರ ಸಚಿವ ಸಂಪುಟ ಇನ್ನೊಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ನೆಟ್‌ವರ್ಕೇ ಮುಟ್ಟದ 24,680 ಹಳ್ಳಿಗಳಿಗೆ 4ಜಿ ಕೊಡೋದು, 26,316 ಕೋಟಿ ವೆಚ್ಚದಲ್ಲಿ. ಒಂದೇ ವಾರ, ಒಂದೇ ದೇಶ. ಒಂದು ಕಡೆ ಐದನೇ ತಲೆಮಾರು, ಇನ್ನೊಂದು ಕಡೆ ಮೊದಲ ಕಡ್ಡಿಗೆ ಕಾಯ್ತಿರೋ ಹಳ್ಳಿ. ಈಗಾಗಲೇ 6ಜಿ ಮಾತು ಶುರುವಾಗಿದೆ. ಅದರ ಮುನ್ನೋಟದ ದಾಖಲೆ 2023ರ ಮಾರ್ಚ್‌ನಲ್ಲೇ ಬಂದಾಯ್ತು, ಗುರಿ 2030.

ನಮ್ಮ ಮಳವಳ್ಳಿ ತಾಲ್ಲೂಕಿಗೆ ಈ ಕತೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿತು. ಅದು ತಂತಿ ಹಿಡಿದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿತು. ಆ ತಂತಿಯ ಕೆಳಗಿದ್ದ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿ ಇನ್ನೂ ದಶಕಗಳ ಕಾಲ ಉರೀತಿತ್ತು. ತಂತ್ರಜ್ಞಾನ ಬರೋದು ಬೇರೆ, ನಮ್ಮ ಮನೆಗೆ ಬರೋದು ಬೇರೆ.

ನಾವೇನು ಮಾಡಬಹುದು?

ಮೂರೇ ಮೂರು ಕೆಲಸ ಹೇಳಿ ಮುಗಿಸ್ತೀನಿ.

ಒಂದು, ಅಳೆಯೋದಾದ್ರೆ ಸರಿಯಾಗಿ ಅಳೀರಿ. ಬಸ್‌ಸ್ಟ್ಯಾಂಡಲ್ಲಿ ನಿಂತು ಸ್ಪೀಡ್ ಟೆಸ್ಟ್ ಮಾಡಿ ಸ್ಟೇಟಸ್ ಹಾಕ್ಕೊಂಡ್ರೆ ಪ್ರಯೋಜನ ಇಲ್ಲ. ನಿಮ್ಮ ಮನೆ ಒಳಗೆ, ರಾತ್ರಿ ಎಂಟೂವರೆಗೆ ಮಾಡಿ. ಡೌನ್‌ಲೋಡ್ ಜೊತೆ ಅಪ್‌ಲೋಡ್ ನೋಡಿ. ಟ್ರಾಯ್‌ನ ಮೈಸ್ಪೀಡ್ ಅನ್ನೋ ಆಪ್ ಇದೆ, ಅದ್ರಲ್ಲಿ ಅಳೆದ್ರೆ ನಿಮ್ಮ ಊರಿನ ಫಲಿತಾಂಶ ಟ್ರಾಯ್‌ಗೂ ತಲುಪುತ್ತೆ. ಮೂರು ದಿನ ಅಳೀರಿ, ಮೂರರಲ್ಲಿ ಅತಿ ಕಮ್ಮಿ ಬಂದ ಸಂಖ್ಯೆಯನ್ನೇ ನಿಮ್ಮ ಸ್ಪೀಡ್ ಅಂತ ಲೆಕ್ಕ ಇಡಿ.

ಎರಡು, ಸಿಮ್ ಅಥವಾ ಫೋನ್ ಬದಲಾಯಿಸೋಕೆ ಮುಂಚೆ ಮ್ಯಾಪ್ ನೋಡಿ. ಟ್ರಾಯ್‌ನ 2024ರ ಗುಣಮಟ್ಟದ ನಿಯಮದ ಪ್ರಕಾರ ಎಲ್ಲಿ 2ಜಿ, ಎಲ್ಲಿ 4ಜಿ, ಎಲ್ಲಿ 5ಜಿ ಸಿಗುತ್ತೆ ಅನ್ನೋ ನಕ್ಷೆಯನ್ನ ಕಂಪನಿಗಳು ತಮ್ಮ ವೆಬ್‌ಸೈಟಲ್ಲಿ ಹಾಕಬೇಕು. ಅದ್ರಲ್ಲಿ ನಿಮ್ಮ ಊರು ಹುಡುಕಿ. ಆಮೇಲೆ ಅದೇ ಕಂಪನಿ ಸಿಮ್ ಇರೋ ಪಕ್ಕದ ಮನೆಯೋರನ್ನೂ ಕೇಳಿ. ನಕ್ಷೆಗಿಂತ ಅವರ ಮಾತು ಗಟ್ಟಿ! ಬದಲಾಯಿಸೋದು ಸರಿ ಅನ್ಸಿದ್ರೆ, ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ನಂಬರ್ ಹಾಕಿ 1900ಗೆ ಎಸ್ಸೆಮ್ಮೆಸ್ ಮಾಡಿ. ನಂಬರ್ ಅದೇ ಇರುತ್ತೆ, ಕಂಪನಿ ಬದಲಾಗುತ್ತೆ.

ಮೂರು, ಪ್ರಶ್ನೆ ಬದಲಾಯಿಸಿ. ನಮ್ಮ ಎಂಎಲ್‌ಎ, ಎಂಪಿ ಮುಂದೆ "ನಮ್ಮೂರಿಗೆ 5ಜಿ ಯಾವಾಗ?" ಅಂತ ಕೇಳೋದರ ಜೊತೆಗೆ, "ನಮ್ಮ ರೇಷನ್ ಅಂಗಡೀಲಿ, ನಮ್ಮ ಹೊಲದಲ್ಲಿ, ನಮ್ಮ ಶಾಲೇಲಿ ಕಮ್ಮಿ ಅಂದ್ರೂ ಎಷ್ಟು ಸಿಗುತ್ತೆ?" ಅಂತ ಕೇಳಿ. ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳೋಕೆ ಕನಿಷ್ಠ 2 ಎಂಬಿಪಿಎಸ್ ಇರಬೇಕು ಅಂತ ಕೇಂದ್ರ ಸರ್ಕಾರವೇ 2023ರ ಜನವರಿಯಲ್ಲಿ ಹೇಳಿದೆ, ಅದಕ್ಕೂ ಮುಂಚೆ ಬರೀ 512 ಕೆಬಿಪಿಎಸ್ ಇತ್ತು. ಆ ಎರಡಾದ್ರೂ ಎಲ್ಲಾ ಕಡೆ, ಎಲ್ಲಾ ಹೊತ್ತಲ್ಲೂ ಬರಲಿ ಅನ್ನೋದು ದೊಡ್ಡ ಆಸೆ ಏನಲ್ಲ.

ಅಂದ ಹಾಗೆ, ಹದಿನೈದು ದಿನ ಆದ್ಮೇಲೆ ಮದ್ದೂರಿಗೆ ಮತ್ತೆ ಹೋಗಿದ್ದೆ. ಅದೇ ಎಳನೀರಿನ ಅಣ್ಣ. ಈ ಸಲ ಸ್ಕ್ಯಾನ್ ಮಾಡಿದ ತಕ್ಷಣ ದುಡ್ಡು ಹೋಯ್ತು, ಸೌಂಡ್‌ಬಾಕ್ಸ್ ಕೂಗ್ತು. ಖುಷಿಯಿಂದ ಫೋನ್ ನೋಡ್ದೆ. ಮೇಲ್ಗಡೆ 4ಜಿ ಅಂತಿತ್ತು.

ನಿಮ್ಮ ಊರಲ್ಲಿ ರಾತ್ರಿ ಎಂಟೂವರೆಗೆ ಎಷ್ಟು ಬಂತು? ಊರಿನ ಹೆಸರು, ಡೌನ್‌ಲೋಡ್, ಅಪ್‌ಲೋಡ್, ಮೂರನ್ನೂ ಬರೆದು ಕಳಿಸಿ. ಮುಂದಿನ ವಾರ ಸಿಗೋಣ. ಅಲ್ಲಿವರೆಗೂ ಜೇಬಲ್ಲಿ ಐವತ್ತು ರೂಪಾಯಿ ಚಿಲ್ಲರೆ ಇಟ್ಕೊಂಡಿರಿ. ನಮಸ್ಕಾರ.